ಬೀಗ ತೆಗೆದ ನಕ್ಷೆ

ಎಲ್ಲ ಅನರ್ಥಕ್ಕೂ ಮೂಲ ಬೆಳಿಗ್ಗೆ ಬಂದ ಒಂದು ಹಾಳು ಇಮೇಲ್. ಶಿಮ್ಕೆಂಟ್ ಊರಿನ ನೀರಿನ ಕ್ಯಾನ್ ಕಂಪನಿಯಲ್ಲಿ ಯಾವ ವ್ಯಾನ್ ಎಲ್ಲಿದೆ ಎಂದು ತೋರಿಸುವ ಪುಟವನ್ನು ಮಾಡಿಕೊಟ್ಟವನು ಕೈರತ್. ಅದಕ್ಕೆ ಅವನು ಬಳಸಿದ್ದ ಆನ್‌ಲೈನ್ ನಕ್ಷೆಯವರು ಬರೆದಿದ್ದರು: ಎಲ್ಲರೂ ನೋಡಬಹುದಾದ ಪುಟಕ್ಕೆ ಮಾತ್ರ ನಮ್ಮ ನಕ್ಷೆ ಪುಕ್ಕಟೆ. ಪಾಸ್‌ವರ್ಡ್ ಹಾಕಿ ಕಂಪನಿಯೊಳಗೇ ಬಳಸುವುದಾದರೆ ಲೈಸೆನ್ಸ್ ಕೊಳ್ಳಿ. ಇಲ್ಲವಾದರೆ ಹತ್ತು ಗಂಟೆಗೆ ಬಂದ್.

ಊರಿಗೆಲ್ಲ ತೋರಿಸಿದರೆ ಪುಕ್ಕಟೆ, ಮುಚ್ಚಿಟ್ಟುಕೊಂಡರೆ ದುಡ್ಡು! ಇದ್ಯಾವ ಸೀಮೆ ನ್ಯಾಯವೋ.

"ಲೈಸೆನ್ಸೂ ಇಲ್ಲ, ಗೀಸೆನ್ಸೂ ಇಲ್ಲ!" ಯಜಮಾನ ದೌಲೆತ್ ಆಗಾ ಮೇಜು ಗುದ್ದಿದ. "ನಾಳೆ ನೌರಿಜ್, ಹೊಸವರ್ಷದ ಹಬ್ಬ, ಮನೆಮನೆಗೂ ನೀರು ಬೇಕು. ನಕ್ಷೆ ನಿಂತ್ರೆ ನಿನ್ ಕೆಲಸಾನೂ ನಿಂತ್ಹಾಗೆ!"

ಅವನು ಒಳಗೆ ತನ್ನ ಕೋಣೆಗೆ ಹೋದದ್ದೇ ತಡ, ಎಲ್ಲರಿಗೂ ಅಕ್ಕನಂತಿದ್ದ, ಫೋನ್ ಎತ್ತುವ ಬಿಬಿಗುಲ್ ಅಪಾ ಮೂಗು ತೂರಿಸಿದಳು. "ಪೆದ್ದೇ, ಪಾಸ್‌ವರ್ಡ್ ತೆಗೆದುಬಿಡೋ. ನಮ್ಮ ಮುರುಕು ವ್ಯಾನ್ ಯಾರು ನೋಡ್ತಾರೆ?"

ಕೈರತ್ ತೆಗೆದ. ನಕ್ಷೆ ಉಳಿಯಿತು. ಆದರೆ ಆ ಮಾತಾಡಿದ ಅಪಾನೇ ಫೋನ್ ಮಾಡಿದವರಿಗೆಲ್ಲ, "ನಿಮ್ ನೀರು ಎಲ್ಲಿದೆ ಅಂತ ನೀವೇ ನೋಡ್ಕೊಳ್ರಿ" ಎಂದು ಪುಟದ ವಿಳಾಸ ಹಂಚತೊಡಗಿದಳು.

ಗಂಟೆಯೊಳಗೆ ಒಬ್ಬಾಕೆ ಫೋನಿನಲ್ಲಿ ಕಿರುಚಿದಳು: "ಮೂರನೇ ವ್ಯಾನ್ ಪಕ್ಕದ ಬೀದಿ ಸೌಲೆ ಮನೆ ಮುಂದೆ ನಲವತ್ತು ನಿಮಿಷದಿಂದ ನಿಂತಿದೆ! ಡ್ರೈವರ್ ಅಲ್ಲಿ ಕೂತು ಚಹಾ ಕುಡೀತಾನೆ, ನಮ್ಮನೇಲಿ ಬಾಗಿಲಲ್ಲೇ ರೊಟ್ಟಿ ಚೂರು ಬಾಯಿಗೆ ಹಾಕ್ಕೊಂಡು ಓಡ್ತಾನೆ. ನಾವೇನು ಗತಿಗೆಟ್ಟೋರಾ?"

ಬಂದವನು ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಹಾಕದೆ ಹೋಗುವಂತಿಲ್ಲ, ಅದು ಆ ಊರಿನ ಪದ್ಧತಿ, ಎಲ್ಲ ಮನೆಯಲ್ಲೂ ಇದ್ದದ್ದೇ. ಈಗ ಅದಕ್ಕೆ ಪೈಪೋಟಿ ಹುಟ್ಟಿತು. ಮನೆಮನೆಯಲ್ಲೂ ಡ್ರೈವರ್‌ಗಳ ತೋಳು ಹಿಡಿದು ಕೂರಿಸಿ ಚಹಾ, ಕರಿದ ಬೌರ್ಸಾಕ್, ಕುದುರೆ ಮಾಂಸ ತುರುಕಿದರು. ಮೂರು ಗಂಟೆಗೆ ಒಂಬತ್ತು ವ್ಯಾನೂ ಗೂಟಕ್ಕೆ ಕಟ್ಟಿದ ಕುದುರೆಗಳ ಹಾಗೆ ನಿಂತಿದ್ದವು.

"ಏಳೋಕಾಗ್ತಿಲ್ಲ ಮಾರಾಯ, ಹೊಟ್ಟೆ ಬಿರೀತಿದೆ" ಎಂದು ಒಬ್ಬ ಡ್ರೈವರ್ ಫೋನಿನಲ್ಲಿ ನರಳಿದ.

ಒಳಗೆ ದೌಲೆತ್ ಆಗಾ ತನ್ನ ಫೋನಿನಲ್ಲಿ ನಕ್ಷೆ ತೆರೆಯುವುದು, "ಐದನೇದು ಇನ್ನೂ ಅಲ್ಲೇ!" ಎಂದು ಅರಚುವುದು, ಮುಚ್ಚುವುದು, ಮತ್ತೆ ತೆರೆಯುವುದು.

ನಾಲ್ಕಕ್ಕೆ ಇನ್ನೊಂದು ಇಮೇಲ್: ಪುಕ್ಕಟೆ ನಕ್ಷೆ ದಿನಕ್ಕೆ ಸಾವಿರ ಸಲ ಮಾತ್ರ ತೆರೆಯಬಹುದು. ನಿಮ್ಮದು ಮುಗಿಯಿತು. ಬಂದ್.

ಯಾರು ಎಷ್ಟು ಸಲ ತೆರೆದರೆಂದು ನೋಡಿದ ಕೈರತ್‌ಗೆ ಮೈಯೆಲ್ಲ ಉರಿದುಹೋಯಿತು. "ಆಗಾ, ಊರೋರೆಲ್ಲ ಸೇರಿ ನೋಡಿದ್ದು ನಾನೂರು ಸಲ. ಆರುನೂರು ಸಲ ನೀವೊಬ್ರೇ!"

"ನನ್ ವ್ಯಾನ್ ನಾನು ನೋಡಬಾರ್ದೇನೋ? ನಾಳೆಯಿಂದ ಬರಬೇಡ. ನಡಿ ಆಚೆ!"

ಕೈರತ್ ದಡಾರನೆ ಬಾಗಿಲು ತೆರೆದ. ಹಿಂದಿನಿಂದ ಮತ್ತೆ ಗರ್ಜನೆ: "ಏಯ್! ರೊಟ್ಟಿ ಬಾಯಿಗೆ ಹಾಕದೆ ಹೋಗ್ತೀಯಾ? ಮರ್ಯಾದೆ ಇಲ್ವಾ? ಕೂತ್ಕೋ!"

ಕೆಲಸ ಕಳಕೊಂಡವನು ಹಲ್ಲು ಕಡಿಯುತ್ತ ಕೂತ. ಬಿಬಿಗುಲ್ ಅಪಾ ದೊಡ್ಡ ತುಂಡೊಂದನ್ನು ಅವನ ಬಾಯಿಗಿಟ್ಟು, ಕಿವಿಯಲ್ಲಿ ಪಿಸುಗುಟ್ಟಿದಳು: "ಪಾಸ್‌ವರ್ಡ್ ತೆಗಿ ಅಂದಿದ್ದು ನಾನು ಅಂತ ಮಾತ್ರ ಹೇಳ್ಬೇಡಪ್ಪ, ನನ್ ರಾಜ."

ಕೈರತ್ ಏನೋ ಹೇಳಹೊರಟ. ಬಾಯಿ ತುಂಬ ರೊಟ್ಟಿಯಿತ್ತು.