ಮೈದುನನ ಮೂರು ಲೆನ್ಸು

ಆ ದಿನ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಎಳೆದು, ಹಾಲು ಒಲೆಯ ಮೇಲಿಟ್ಟು, ಅನ್ನಕ್ಕೆಂದು ಅಕ್ಕಿ ಡಬ್ಬದೊಳಗೆ ಪಾವು ಇಳಿಸಿದೆ. ಪಾವಿನಲ್ಲಿ ಅಕ್ಕಿಯ ಜೊತೆ ಒಂದು ಲೆನ್ಸೂ ಬಂತು. ನಾನೇನೂ ಬೆಚ್ಚಲಿಲ್ಲ. ಅದನ್ನು ಸೆರಗಿನಿಂದ ಒರೆಸಬಾರದು ಎಂಬಷ್ಟು ತಿಳಿವಳಿಕೆ ಈ ಮನೆ ಸೇರಿದ ಎಂಟು ವರ್ಷಗಳಲ್ಲಿ ನನಗೆ ಬಂದಿತ್ತು. ಉಫ್ ಎಂದು ಊದಿ, ಕಿಟಕಿಯಲ್ಲಿಟ್ಟು, ಮಿಕ್ಕ ಅಕ್ಕಿಯನ್ನು ತೊಳೆಯಲು ಕೂತೆ. ಲೆನ್ಸಿಗೆ ಶೀತ ಹಿಡಿದರೆ ಒಳಗೆ ಬೂಷ್ಟು ಬೆಳೆಯುತ್ತದಂತೆ, ಅಕ್ಕಿಯಲ್ಲಿಟ್ಟರೆ ಬೆಚ್ಚಗಿರುತ್ತದಂತೆ. ಹಡೆದ ಮಕ್ಕಳನ್ನೂ ಯಾರೂ ಇಷ್ಟು ಜೋಪಾನ ಮಾಡುವುದಿಲ್ಲ!

ಅನ್ನವೇನೋ ಎಂದಿನಂತೆ ಬೆಂದಿತು. ಸಾರಿಗೆ ಮಾತ್ರ ನಾನು ಎರಡು ಸಲ ಉಪ್ಪು ಹಾಕಿದೆ. ಆ ಸಂಜೆ ನಮ್ಮ ಮನೆಯ ಮದುವೆಯ ಆಲ್ಬಮ್ ಬಿಚ್ಚುವುದಿತ್ತು. ಅದರಲ್ಲಿ ಒಂದು ಫೋಟೋ ಬಂದಿದೆಯೋ ಇಲ್ಲವೋ ಎಂಬುದು ಲೆನ್ಸಿನ ಒಡೆಯನ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ.

ಲೆನ್ಸಿನ ಒಡೆಯ ನನ್ನ ಮೈದುನ, ನಮ್ಮ ಯಜಮಾನರ ತಮ್ಮ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ಮದುವೆಗಳಿಗೆ ಹೋಗಿ, ಒಂದು ಮದುವೆಯಲ್ಲೂ ಮದುಮಗಳು ಹೇಗಿದ್ದಳೆಂದು ಹೇಳಲಾರದ ಮನುಷ್ಯ ಯಾರಾದರೂ ಇದ್ದರೆ ಅವನೊಬ್ಬನೇ. "ಹುಡುಗಿ ಹೇಗಿದ್ದಳಪ್ಪ?" ಎಂದು ಕೇಳಿದರೆ "ಎಂಟಡಿ ದೂರದಲ್ಲಿದ್ಲು ಅತ್ಗೆ" ಎನ್ನುತ್ತಾನೆ. ಇಂಥವನಿಗೆ ಹೆಣ್ಣು ನೋಡುವುದು ಹೇಗೆ? ನಾವು ಆ ಆಸೆಯನ್ನೇ ಬಿಟ್ಟಿದ್ದೆವು.

ಅವನ ಆಸ್ತಿ ಎಂದರೆ ಒಂದು ಕ್ಯಾಮೆರಾ, ಮೂರು ಲೆನ್ಸು. ಕ್ಯಾಮೆರಾದ ಮೂತಿಯನ್ನು ತಿರುವಿ ತೆಗೆದು ಇನ್ನೊಂದನ್ನು ಹಾಕಬಹುದು. ಗಿಡ್ಡ ಲೆನ್ಸು ಹಾಕಿದರೆ ಇಡೀ ಚಪ್ಪರ ಒಂದೇ ಫೋಟೋದಲ್ಲಿ ಹಿಡಿಸುತ್ತದೆ. ನಡುವಿನದು ಕಣ್ಣಿಗೆ ಕಂಡಷ್ಟನ್ನೇ ತೋರಿಸುತ್ತದೆ. ಉದ್ದದ್ದು ದೂರದಲ್ಲಿದ್ದವರನ್ನು ಮೂಗಿನ ಮುಂದೆ ತಂದು ನಿಲ್ಲಿಸುತ್ತದೆ. ಇಷ್ಟೇ ವಿಷಯ. ಆದರೆ ಯಾವ ಮದುವೆಗೆ ಯಾವ ಲೆನ್ಸು ಎಂದು ತೀರ್ಮಾನಿಸಲು ಅವನು ತೆಗೆದುಕೊಳ್ಳುವ ಸಮಯದಲ್ಲಿ ನಮ್ಮೂರಿನವರು ಹೆಣ್ಣು ನೋಡಿ, ಒಪ್ಪಿ, ಲಗ್ನಪತ್ರಿಕೆಯನ್ನೂ ಬರೆಸಿಬಿಡುತ್ತಾರೆ.

ನಾನು ಕಾನ್ವೆಂಟಿನಲ್ಲಿ ಓದಿದವಳು ಎಂಬುದಕ್ಕೆ ಈ ಮನೆಯಲ್ಲಿ ಸಿಕ್ಕ ಒಂದೇ ಮರ್ಯಾದೆ ಎಂದರೆ ಲೆನ್ಸಿನ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಗಳನ್ನು ಓದಿ ಹೇಳುವ ಕೆಲಸ. ನಾನು ಸೌಟು ಹಿಡಿದುಕೊಂಡೇ ಅರ್ಥ ಹೇಳುತ್ತಿದ್ದೆ. ಲೆನ್ಸಿನ ಮೈಮೇಲಿರುವ ಸಂಖ್ಯೆ ದೊಡ್ಡದಾದಷ್ಟೂ ಒಳಗಿನ ಕಿಂಡಿ ಸಣ್ಣದಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಅವನು ನನ್ನನ್ನೇ ಗುಮಾನಿಯಿಂದ ನೋಡಿದ. ಇನ್ನೊಮ್ಮೆ ಓದಿಸಿದ. ಕೊನೆಗೆ, ಜಪಾನಿನವರು ತಪ್ಪು ಬರೆದಿದ್ದಾರೆ, ಪಾಪ ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ತೀರ್ಪು ಕೊಟ್ಟ. ಒಂದು ರೀಲು ಪೂರ್ತಿ ಕಪ್ಪಾಗಿ ಬಂದ ಮೇಲೆ ಜಪಾನಿನವರನ್ನು ಕ್ಷಮಿಸಿದ.

ಅವನು ಮೊದಲ ಉದ್ದ ಲೆನ್ಸು ಕೊಂಡ ಕಥೆ ಇನ್ನೂ ಚೆಂದ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗಿನ ಉಂಡೆ ಗಟಗಟ ಎಂದರೆ ಕೊಬ್ಬರಿ ಪಕ್ವವಾಗಿದೆ ಎಂದು ಅರ್ಥ. ಸದ್ದಿಲ್ಲದಿದ್ದರೆ ಇನ್ನೂ ಹಸಿ. ಹುಟ್ಟಿದಾಗಿನಿಂದ ಇದನ್ನೇ ನೋಡಿ ಬೆಳೆದ ಕೈ ಸುಮ್ಮನಿರುತ್ತದೆಯೇ? ಬೆಂಗಳೂರಿನ ಯಾವುದೋ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನಾಲ್ಕು ಲೆನ್ಸು ಮುಂದಿಟ್ಟರೆ, ನಾಲ್ಕನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದನಂತೆ. ಮೂರು ಸದ್ದೇ ಮಾಡಲಿಲ್ಲ. ನಾಲ್ಕನೆಯದು ಚೆನ್ನಾಗಿ ಗಟಗಟ ಎಂದಿತು. ಅದನ್ನೇ ತಂದ! ಅಂಗಡಿಯವನು ಬಸ್ ಸ್ಟಾಂಡಿನವರೆಗೂ ಬಂದು ಕಳಿಸಿಕೊಟ್ಟನಂತೆ.

ಆ ಲೆನ್ಸಿನಲ್ಲಿ ತೆಗೆದ ಮೊದಲ ಮದುವೆಯ ಫೋಟೋಗಳಲ್ಲಿ ಹೆಣ್ಣು ಸ್ಪಷ್ಟವಾಗಿ ಬಂದಳು, ಗಂಡು ಮಾತ್ರ ಮಂಜಿನೊಳಗೆ ನಿಂತಂತೆ ಬಂದ. ಒಳಗಿನ ಗಾಜೊಂದು ಸಡಿಲವಾಗಿತ್ತು. ಆಲ್ಬಮ್ ನೋಡಿದ ನಮ್ಮ ಯಜಮಾನರು, ಮದುವೆಯಾದ ಮೇಲೆ ಗಂಡು ಹೇಗೂ ಹೀಗೇ ಆಗುತ್ತಾನೆ, ಇವನು ಒಂದು ದಿನ ಮುಂಚೆ ತೋರಿಸಿದ್ದಾನೆ ಅಷ್ಟೇ ಎಂದರು. ಎಂದು ನನ್ನ ಮುಖ ನೋಡಿದರು. ನಾನು ಹುಣಸೆಹಣ್ಣು ಬಿಡಿಸುತ್ತಿದ್ದೆ, ಕೇಳಿಸಲಿಲ್ಲ.

ಗಿಡ್ಡ ಲೆನ್ಸೇನು ಕಡಿಮೆಯೇ? ಸಂಪಿಗೆ ಎಂಬ ಊರಿನ ಒಂದು ಮದುವೆಯಲ್ಲಿ ಎರಡೂ ಕಡೆಯ ನೆಂಟರೆಲ್ಲ ಒಂದೇ ಫೋಟೋದಲ್ಲಿರಬೇಕು, ಒಬ್ಬರು ಬಿಟ್ಟರೂ ಮುನಿಸು ಎಂದರು. ಇವನು ಗಿಡ್ಡದ್ದು ಹಾಕಿದ. ಎಲ್ಲರೂ ಹಿಡಿಸಿದರು. ಆದರೆ ಆ ಲೆನ್ಸಿಗೆ ಒಂದು ಚಾಳಿ, ಅಂಚಿನಲ್ಲಿ ನಿಂತವರನ್ನು ಎಳೆದು ಅಗಲ ಮಾಡುತ್ತದೆ. ಮೊದಲೇ ಧಾರಾಳವಾಗಿದ್ದ ಹುಡುಗನ ದೊಡ್ಡಮ್ಮ ಅಂಚಿನಲ್ಲಿ ನಿಂತಿದ್ದರು. ಅವರೊಬ್ಬರೇ ಮೂರು ಜನರ ಜಾಗ ತುಂಬಿದರು. ಮುನಿಸು ತಪ್ಪಿಸಲು ತೆಗೆದ ಫೋಟೋ ಆರು ತಿಂಗಳ ಮುನಿಸಿಗೆ ಸಾಕಾಯಿತು.

ಅಲ್ಲಿಂದ ಮುಂದೆ ಅವನು ಮದುವೆಗೆ ವಾರ ಮೊದಲೇ ಆ ಮನೆಗೆ ಹೋಗಿ, ಮೂಟೆ ಹೊಲಿಯುವ ಹುರಿಯಿಂದ ಮಂಟಪದ ಜಾಗ ಅಳೆದು, ಕಾಫಿ ಕುಡಿದು, ಮೆಲ್ಲಗೆ ಕೇಳತೊಡಗಿದ: ನಿಮ್ಮಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು? ಸದ್ದು ಮಾಡದ ಹೊಸ ಉದ್ದ ಲೆನ್ಸು ಬಂದ ಮೇಲೆ ಈ ಪ್ರಶ್ನೆಗೆ ಬೇರೆಯೇ ಬೆಲೆ ಬಂತು. ಬಿಳಿಗೆರೆಯಲ್ಲಿ ತೋಟದ ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಚಪ್ಪರದಲ್ಲಿ ಒಬ್ಬರ ಹಿಂದೊಬ್ಬರು ಇಪ್ಪತ್ತು ಅಡಿ ದೂರದಲ್ಲಿ ನಿಂತಿದ್ದರು. ಇವನು ಬೀದಿಯ ಆ ತುದಿಯಿಂದ ಉದ್ದ ಲೆನ್ಸಿನಲ್ಲಿ ತೆಗೆದ. ಆ ಲೆನ್ಸು ದೂರವನ್ನೆಲ್ಲ ನುಂಗಿಬಿಡುತ್ತದೆ. ಫೋಟೋದಲ್ಲಿ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು! ಇಬ್ಬರಲ್ಲಿ ದೊಡ್ಡವರು ನಮ್ಮ ಮನೆಗೇ ಬಂದು ಪಡಸಾಲೆಯಲ್ಲಿ ಕೂತರು.

"ಅವನ ಪಕ್ಕ ನಾನ್ಯಾವಾಗ್ಲಾ ನಿಂತಿದ್ದೆ?"

"ನೀವು ನಿಂತಿಲ್ಲ ಕಣಣ್ಣ, ಲೆನ್ಸು ನಿಲ್ಲಿಸ್ತು."

"ಅದುಕ್ಕೆ ಹೇಳು, ಒಸಿ ದೂರ ನಿಲ್ಲಿಸ್ಲಿ."

ಇಷ್ಟೆಲ್ಲ ಹೇಳಿ ಅಸಲು ವಿಷಯಕ್ಕೆ ಬರುವುದೇ ತಡವಾಯಿತು. ನಮ್ಮ ಯಜಮಾನರ ಅಕ್ಕ, ಗಂಡ ತೀರಿಕೊಂಡ ಮೇಲೆ, ಮಗಳೊಂದಿಗೆ ನಮ್ಮ ಮನೆಯಲ್ಲೇ ಇದ್ದರು. ಆ ಮಗಳ ಮದುವೆ ತುರುವೇಕೆರೆಯ ಹುಡುಗನೊಂದಿಗೆ ನಿಶ್ಚಯವಾಗಿ, ನಮ್ಮ ಮನೆಯಂಗಳದಲ್ಲೇ ಚಪ್ಪರ ಎದ್ದಿತು. ಚಕ್ಕುಲಿ, ಕಜ್ಜಾಯ, ಎರಡು ಕಡೆಯವರ ಫಳಾರ ಎಲ್ಲವನ್ನೂ ಕರಿದದ್ದು ಅಕ್ಕನ ಕೈ. ಆ ಕೈಯ ಚಕ್ಕುಲಿ ಮದುವೆಗೆ ಆಗುತ್ತದೆ, ಆ ಮುಖ ಮಂಟಪದ ಮುಂದೆ ಆಗುವುದಿಲ್ಲ. ಪದ್ಧತಿ. ಧಾರೆ ಎರೆಯಲು ಅಪ್ಪ ಅಮ್ಮನ ಜಾಗದಲ್ಲಿ ನಾವಿಬ್ಬರು ಎಂದು ತೀರ್ಮಾನವಾಯಿತು. ಯಾರೂ ಜಗಳವಾಡಲಿಲ್ಲ, ಅಕ್ಕನಂತೂ ಮೊದಲೇ ಒಪ್ಪಿದ್ದರು. ನಾನೂ ಬಾಯಿ ಬಿಡಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಕೇಳಿದಾಗ ಉತ್ತರ ಕೊಡುವುದು. ನನ್ನನ್ನು ಯಾರೂ ಕೇಳಲಿಲ್ಲ.

ಮದುವೆಗೆ ಹತ್ತು ದಿನ ಇರುವಾಗ ಹುಡುಗಿ, ಲೆನ್ಸು ಒರೆಸುತ್ತಿದ್ದ ಸೋದರಮಾವನ ಪಕ್ಕ ಬಂದು ಕೂತಳು. ನಾನು ಅಲ್ಲೇ ಬೇಳೆ ಆರಿಸುತ್ತಿದ್ದೆ.

"ಮಾವ, ತಾಳಿ ಕಟ್ಟೋವಾಗ ನಮ್ಮಮ್ಮನ ಮುಖ ಹೆಂಗಿರ್ತದೆ ಅಂತ ನಂಗೆ ನೋಡ್ಬೇಕು. ನಾನು ತಲೆ ಬಗ್ಗಿಸಿರ್ತೀನಿ, ಕಾಣಾಕಿಲ್ಲ. ನೀನು ತೆಕ್ಕೊಡು."

ಅವನು ಒರೆಸುವುದನ್ನು ನಿಲ್ಲಿಸಿ, ಆ ಹೊತ್ತಿನಲ್ಲಿ ತಾಳಿಯ ಫೋಟೋ ತೆಗೆಯಬೇಕಲ್ಲ, ಇರುವುದು ಒಂದೇ ಕ್ಯಾಮೆರಾ ಎಂದ.

"ಅದು ಬರ್ದಿದ್ರೂ ಪರ್ವಾಗಿಲ್ಲ," ಎಂದು ಎದ್ದು ಹೋದಳು.

ಅಂದಿನಿಂದ ಅವನು ಊಟ ಬಿಟ್ಟ ಎಂದರೆ ಉತ್ಪ್ರೇಕ್ಷೆಯಾದೀತು. ಸಾರು ಯಾವುದೆಂದು ನೋಡದೆ ಉಣ್ಣತೊಡಗಿದ. ಅಕ್ಕನ ಫೋಟೋ ತೆಗೆಯುವುದು ಸುಲಭವಲ್ಲ. ಕ್ಯಾಮೆರಾ ಅವರ ಕಡೆ ತಿರುಗುವಷ್ಟರಲ್ಲಿ ಅವರಿಗೆ ಒಳಗೇನೋ ಕೆಲಸ ನೆನಪಾಗುತ್ತದೆ. ಹಬ್ಬಗಳಲ್ಲಿ ತೆಗೆದ ಎಷ್ಟೋ ಫೋಟೋಗಳಲ್ಲಿ ಅವರದೆಂದು ಬಂದಿರುವುದು ಒಂದು ಸೀರೆಯ ಅಂಚು, ಇಲ್ಲವೇ ಒಂದು ಹಿಮ್ಮಡಿ. ಗಿಡ್ಡ ಲೆನ್ಸಿನಲ್ಲಿ ಮಂಟಪದ ಜೊತೆ ಅಡುಗೆಮನೆ ಬಾಗಿಲೂ ಬರುತ್ತದೆ, ಆದರೆ ಅಕ್ಕ ಸಾಸಿವೆ ಕಾಳಷ್ಟು ಕಾಣುತ್ತಾರೆ. ನಡುವಿನದಕ್ಕೆ ಹತ್ತಿರ ಹೋಗಬೇಕು, ಹೋದರೆ ಓಡುತ್ತಾರೆ. ಉಳಿದದ್ದು ಉದ್ದದ್ದು. ಅದಕ್ಕೆ ದೂರ ಬೇಕು, ಬೆಳಕು ಬೇಕು, ಕೈ ನಡುಗಬಾರದು.

ತಾಲೀಮಿಗೆ ನಾನೇ ಸಿಕ್ಕೆ. ಅಟ್ಟದ ಕಿಂಡಿಯಿಂದ ಅವನ ಮೂತಿ, ಕೆಳಗೆ ಅಡುಗೆಮನೆ ಬಾಗಿಲಲ್ಲಿ ನಾನು.

"ಅತ್ಗೆ, ಅಕ್ಕನ್ ಥರ ನಿಂತ್ಕಳಿ."

"ಅಕ್ಕನ ಥರ ಅಂದ್ರೆ ಹೇಗಪ್ಪ?"

"ಅರ್ಧ ನಿಂತ್ಕಳಿ."

ನಾನು ಬಾಗಿಲುವಾಡದ ಹಿಂದೆ ಸರಿದು ಅರ್ಧ ನಿಂತೆ. ಒಲೆಯ ಮೇಲೆ ಹಾಲು ಉಕ್ಕಿತು. ಎಂಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ಅಕ್ಕ ಹೀಗೆ ನಿಲ್ಲುತ್ತಾರೆಂದು ನಾನು ಗಮನಿಸಿರಲಿಲ್ಲವಲ್ಲ ಎನಿಸಿ, ಹಾಲನ್ನೂ ಇಳಿಸಲಿಲ್ಲ.

ಮದುವೆಯ ಹಿಂದಿನ ದಿನ ಅಡುಗೆಮನೆ ಬಾಗಿಲ ಮುಂದಿನ ಸೂರಿನಲ್ಲಿ ನಾಲ್ಕು ಹೆಂಚು ಕಾಣೆಯಾದವು. ನಮ್ಮ ಯಜಮಾನರು ಕೋತಿಗಳನ್ನು ಬಾಯಿಗೆ ಬಂದಂತೆ ಬೈದರು. ಕೋತಿಗಳ ಪರವಾಗಿ ಮೈದುನ ತಲೆ ತಗ್ಗಿಸಿ ಕೇಳಿಸಿಕೊಂಡ. ಮಾರನೆಯ ದಿನ ಮುಹೂರ್ತದ ಹೊತ್ತಿಗೆ ಹೊಸ್ತಿಲ ಮುಂದೆ ಒಂದು ಚಾಪೆಯಷ್ಟಗಲ ಬಿಸಿಲು ಬಿದ್ದಿತ್ತು. ಧಾರೆಯ ತಂಬಿಗೆ ಹಿಡಿದಿದ್ದ ನನಗೆ ಅದು ಕಂಡಿತು.

ಗಟ್ಟಿಮೇಳ ಎಂದರು. ಓಲಗ ಒಮ್ಮೆಲೇ ಏರಿತು. ಫೋಟೋದವನೆಲ್ಲಿ, ಫೋಟೋದವನೆಲ್ಲಿ ಎಂದು ಗಂಡಿನ ಕಡೆಯವರು ಕತ್ತು ತಿರುಗಿಸಿದರು. ಫೋಟೋದವನು ಅಟ್ಟದ ಮೇಲೆ ಕಾಯಿರಾಶಿಯ ನಡುವೆ ಬೋರಲು ಮಲಗಿದ್ದ. ಅಲ್ಲಿಂದ ಎರಡು ಕಾಯಿ ಉರುಳಿ, ದಡದಡ ಮೆಟ್ಟಿಲಿಳಿದು, ಪುರೋಹಿತರ ಪಕ್ಕ ಬಂದು ನಿಂತವು. ಅಷ್ಟರಲ್ಲಿ ಮೂರೂ ಗಂಟು ಬಿದ್ದು ಮುಗಿದಿತ್ತು. ಗಂಡಿನ ತಂದೆ ನಮ್ಮ ಯಜಮಾನರನ್ನು ಕೇಳಿದರು: "ಏನ್ ಸ್ವಾಮಿ, ನಿಮ್ಮ ತಮ್ಮ ಆಗ್ಲೇ ಪಂಕ್ತೀಲಿ ಕೂತವ್ರಾ?" ತಲೆಯ ತುಂಬ ಜೇಡರ ಬಲೆ ಹೊತ್ತು ಕೆಳಗಿಳಿದ ಮೈದುನ, ರೀಲು ಸಿಕ್ಕಿಕೊಂಡಿತ್ತು ಎಂದು ಸುಳ್ಳು ಹೇಳಿದ. ಅಣ್ಣ ಅವನೊಂದಿಗೆ ಮಾತು ಬಿಟ್ಟರು.

ಆಮೇಲೆ ಅವನು ಬಚ್ಚಲುಮನೆಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡು ರೀಲು ತೊಳೆದ. ಎರಡು ದಿನ ಮನೆಮಂದಿಗೆ ಸ್ನಾನವಿಲ್ಲ. ಬಂತಾ ಎಂದು ನಾನು ಕೇಳಿದ್ದಕ್ಕೆ ಅವನು ಒಣಗಲಿ ಅತ್ಗೆ ಎಂದ. ಬಂದಿಲ್ಲದಿದ್ದರೆ ಹುಡುಗಿಗೆ ತಾಳಿಯೂ ಇಲ್ಲ, ತಾಯಿಯೂ ಇಲ್ಲ.

ಅಕ್ಕಿಯಲ್ಲಿ ಲೆನ್ಸು ಸಿಕ್ಕ ಆ ದಿನ ಸಂಜೆ ನಾಲ್ಕರ ಹೊತ್ತಿಗೆ ಹುಡುಗಿ ಗಂಡನೊಂದಿಗೆ ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸಿ, ಆಲ್ಬಮ್ ಬಿಚ್ಚಿದೆವು. ಅಕ್ಕ ಕಾಫಿ ಕಳಿಸಿ ಒಳಗೇ ಉಳಿದರು. ಹಾರ ಬದಲಿಸುವುದಿತ್ತು, ಧಾರೆಯಿತ್ತು, ಧಾರೆಯಲ್ಲಿ ನಾನು ಅರ್ಧ ಕಣ್ಣು ಮುಚ್ಚಿದ್ದೆ. ಅದರ ಮುಂದಿನ ಪುಟಕ್ಕೆ ಬಂದಾಗ ಅಳಿಯ, ತಾಳಿ ಕಟ್ಟಿದ್ದು ಎಲ್ಲಿ ಎಂದು ಹಿಂದಕ್ಕೂ ಮುಂದಕ್ಕೂ ತಿರುವಿದ.

"ನನ್ ಕತ್ನಲ್ಲೇ ಐತಲ್ಲ, ನೋಡ್ಕಳಿ," ಎಂದಳು ಹುಡುಗಿ. ಅವಳ ಬೆರಳು ಮಾತ್ರ ಆ ಪುಟದ ಮೇಲೆ ನಿಂತಿತ್ತು.

ಪುಟದಲ್ಲಿ ಒಂದೇ ಫೋಟೋ. ಅಕ್ಕ ಹೊಸ್ತಿಲು ದಾಟಿ ಎರಡು ಹೆಜ್ಜೆ ಬಿಸಿಲಿಗೆ ಬಂದಿದ್ದರು. ಯಾರೂ ತಮ್ಮ ಕಡೆ ನೋಡುತ್ತಿಲ್ಲ ಎಂಬ ಧೈರ್ಯ. ಸೆರಗು ಜಾರಿದ್ದು ಗೊತ್ತಿಲ್ಲ. ಬಲಗೈ ಮೇಲಕ್ಕೆತ್ತಿ ಮಂಟಪದ ಕಡೆ ಅಕ್ಷತೆ ಎಸೆಯುತ್ತಿದ್ದಾರೆ, ಅಷ್ಟು ದೂರ ಅದು ತಲುಪುವುದಿಲ್ಲ. ಕಾಳುಗಳು ಅವರ ಮುಖದ ಮುಂದೆಯೇ ಗಾಳಿಯಲ್ಲಿ ನಿಂತಿವೆ. ಆ ಕಾಳುಗಳ ಹಿಂದೆ ಅವರು ನಗುತ್ತಿದ್ದಾರೆ, ಬಾಯಿ ತುಂಬ.

ಹುಡುಗಿ ಆಲ್ಬಮ್ಮನ್ನು ಎದೆಗವಚಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಒಳಗೆ ಏನು ಮಾತಾಯಿತೋ, ನಾವು ಯಾರೂ ಹಿಂದೆ ಹೋಗಲಿಲ್ಲ. ನಮ್ಮ ಯಜಮಾನರು ಕೋತಿ ಕಿತ್ತಿದ್ದ ಸೂರಿನ ಕಡೆ ಒಮ್ಮೆ ನೋಡಿ, ಕಾಫಿ ಆರಿ ಹೋಗ್ತಾ ಇದೆ ಕುಡಿಯೋ ಎಂದು ತಮ್ಮನಿಗೆ ಹೇಳಿದರು. ವಾರದ ಮೇಲೆ ಆಡಿದ ಮೊದಲ ಮಾತು. ತಮ್ಮ ನನ್ನ ಕಡೆ ಬಗ್ಗಿ, ಕೈ ಒಂಚೂರು ಅದುರಿತು, ಕಿವಿಯ ಹತ್ತಿರ ಸ್ವಲ್ಪ ಮಸುಕಾಗಿದೆ ಎಂದು ಒಪ್ಪಿಕೊಂಡ. ಎಂದೂ ಇಲ್ಲದೆ ಅವನ ಕಣ್ಣು ಕೆಂಪಾಗಿತ್ತು. ಬಚ್ಚಲಿನ ಔಷಧದ ಘಾಟು ಎಂದ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪು ಕೇಳಿಕೊಂಡು ಲೋಟ ಹಿಡಿದು ಬಂದರು. ಆಲ್ಬಮ್ ಮತ್ತೆ ಚಾಪೆಯ ಮೇಲೆ ಬಂದಿತ್ತು, ಅದೇ ಪುಟ ತೆರೆದಿತ್ತು. ನಿಂತಲ್ಲಿಂದಲೇ ಬಗ್ಗಿ ನೋಡಿದರು.

"ಅಲ್ಲ ಕಣ್ರೀ, ಈವಮ್ಮಂಗೆ ನಕ್ಕರೆ ಕೆನ್ನೇಲಿ ಗುಳಿ ಬೀಳ್ತದಾ? ಇಷ್ಟು ವರ್ಷ ಪಕ್ಕದಲ್ಲಿದ್ದು ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಒಸಿ ಗಟ್ಟಿ ಮೊಸರು ಹಾಕಿ ಬುಡಿ, ನಿನ್ನೇದು ನೀರಾಗಿತ್ತು."