ಸೀಸೆಯಲ್ಲಿದ್ದ ಕಲ್ಲು

ನನ್ನ ಹೆಂಡತಿಯ ಪ್ರಕಾರ ಕಲ್ಲಿನಲ್ಲಿ ಎರಡೇ ಜಾತಿ: ಒಡವೆಯಲ್ಲಿರುವುದು, ಬೇಳೆಯಲ್ಲಿ ಸಿಗುವುದು. ವಾರವಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ನಾನಾದರೋ ಭಾನುವಾರ ಬಂತೆಂದರೆ ಮಹಾ ಖನಿಜಶಾಸ್ತ್ರಜ್ಞ. ಮಂಚದ ಕೆಳಗೆ, ಕಿಟಕಿಯ ಮೇಲೆ, ಹಳೆಯ ಶೂಗಳ ಒಳಗೂ ನನ್ನ ಸಂಗ್ರಹ.

ಮೊನ್ನೆ ಕಸ ಗುಡಿಸುವಾಗ ಅವಳು ಒಂದನ್ನು ಎಡವಿದಳು.

"ಇವೆಲ್ಲ ಏನು ಅಂತಾನಾದ್ರೂ ಗೊತ್ತೇನ್ರೀ ನಿಮಗೆ?"

"ಮೆಲ್ಲಗೆ ಮಾತಾಡೇ, ಒಳಗೆ ಮಾವ ಮಲಗಿದ್ದಾರೆ. ಯಾವ ಕಲ್ಲು ಬೇಕಾದ್ರೂ ಕೊಡು, ಹೆಸರು ಹೇಳ್ತೀನಿ. ತಪ್ಪಿದ್ರೆ ಅಷ್ಟನ್ನೂ ನಾನೇ ಆಚೆ ಎಸೀತೀನಿ."

"ನೋಡೇ ಬಿಡೋಣ" ಎಂದು ಚೀಲ ಹಿಡಿದು ತರಕಾರಿಗೆ ಹೊರಟಳು.

ಊಟದ ಮೇಜಿನ ಮೇಲೆ ಪುಟ್ಟ ಸೀಸೆಯೊಂದರಲ್ಲಿ ಹುಣಸೆಬೀಜದಷ್ಟು ಕಂದು ಕಲ್ಲಿತ್ತು. ಇದೇ ನನ್ನ ಪ್ರಶ್ನೆಪತ್ರಿಕೆ ಎಂದುಕೊಂಡೆ.

ಬಣ್ಣವನ್ನು ನಂಬಬಾರದು ಎಂಬುದು ಶಾಸ್ತ್ರದ ಮೊದಲ ಪಾಠ (ಬಟ್ಟೆ ಅಂಗಡಿಯಲ್ಲೂ ಇದು ಸತ್ಯ). ಟೈಲ್ಸಿನ ಹಿಂಬದಿಗೆ ಉಜ್ಜಿದೆ, ಬಿಳಿ ಗೆರೆ ಬಂತು. ಉಗುರಿನಿಂದ ಗೀಚಿದೆ, ಉಗುರೇ ಸವೆಯಿತು. ತಾಮ್ರದ ನಾಣ್ಯಕ್ಕೆ ಮಾತ್ರ ಬಗ್ಗಿತು. ಒಡೆಯುವ ಬಗೆಯನ್ನೂ ನೋಡಬೇಕಲ್ಲ? ಸುತ್ತಿಗೆಯಿಂದ ಮೆತ್ತಗೆ ತಟ್ಟಿದೆ. ಅದೂ ಮೆತ್ತಗೆ ಎರಡಾಯಿತು. ಇನ್ನು ಉಳಿದದ್ದು ಕ್ಯಾಲ್ಸೈಟ್ ಅಥವಾ ಕಲ್ಲುಪ್ಪು. ಇಂಥ ಕಡೆ ತೀರ್ಪು ಕೊಡುವುದು ನಾಲಿಗೆ. ನೆಕ್ಕಿದೆ. ಸಂಶಯ ಬೇಡವೆಂದು ಚೀಪಿಯೂ ನೋಡಿದೆ. ಉಪ್ಪುಪ್ಪಾಗಿತ್ತು!

ಹೆಂಡತಿ ಹೊಸ್ತಿಲು ದಾಟುವ ಮೊದಲೇ ಕೂಗಿದೆ. "ಕಲ್ಲುಪ್ಪು ಕಣೇ! ಆ ಸೀಸೇಲಿ ಇದ್ದದ್ದು ಕಲ್ಲುಪ್ಪು! ಬಾಯಲ್ಲಿಟ್ಟು ನೋಡಿದ್ದೀನಿ!"

ಅವಳ ಕೈಯಿಂದ ಚೀಲ ಜಾರಿತು. ಉರುಳಿದ ಆಲೂಗೆಡ್ಡೆಗಳ ನಡುವೆ, ನನ್ನ ಪರೀಕ್ಷೆಗೆಂದು ಅವಳು ರಸ್ತೆಯಿಂದ ಆರಿಸಿ ತಂದಿದ್ದ ಜಲ್ಲಿಕಲ್ಲೂ ಇತ್ತು.

"ಅಯ್ಯೋ, ಅದು ಅಪ್ಪನ ಕಿಡ್ನಿ ಕಲ್ಲು ರೀ! ನಾಳೆ ಡಾಕ್ಟರಿಗೆ ತೋರಿಸೋಕೆ ಅಂತ ತಂದಿದ್ರು!"

ನಾನು ಬಚ್ಚಲಿಗೆ ಓಡಿದೆ. ಅರ್ಧ ಟ್ಯೂಬ್ ಪೇಸ್ಟ್ ಮುಗಿಸಿ ಈಚೆ ಬಂದರೆ, ಮಾವ ಎದ್ದು ಬಂದು ಎರಡು ಚೂರುಗಳನ್ನೂ ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು. ಅಷ್ಟು ನೋವು ತಿಂದು ಹೆತ್ತ ಕಲ್ಲು; ಅವರ ಮುಖ ನೋಡಲಾರದೆ ನಾಚಿಕೆಯಿಂದ ಕುಗ್ಗಿಹೋದೆ. ಹೆಂಡತಿ ನನ್ನ ಕಲ್ಲುಗಳನ್ನು ತುಂಬಿದ ಬಕೆಟ್ ತಂದು ನನ್ನ ಕೈಗೆ ಕೊಟ್ಟಳು.

ಬಾಗಿಲ ಬಳಿ ಮಾವ ನನ್ನನ್ನು ತಡೆದರು. ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ಅಳಿಯಂದ್ರೇ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಬಡ್ಕೊಳ್ತಾನೇ ಇದ್ರು, ನಾನು ನಂಬಿರ್ಲಿಲ್ಲ. ನಿಜ ಹೇಳಿ, ಜಾಸ್ತಿನೇ ಇತ್ತಾ?"