ಫಿಲೋಮಿನಮ್ಮನ ಶ್ರುತಿ

ಚರ್ಚಿನ ಗಾಯನವೃಂದ ನಡೆಸುವವನಿಗೆ ಸಂಗೀತ ಚೆನ್ನಾಗಿ ಗೊತ್ತಿದ್ದರೆ ಒಳ್ಳೆಯದು, ಅಷ್ಟಿಷ್ಟು ಗೊತ್ತಿದ್ದರೂ ನಡೆಯುತ್ತದೆ. ಪುಕ್ಕಟೆ ಹಾಡಲು ಬರುವವರನ್ನು ಬಯ್ಯುವ ಹಾಗಿಲ್ಲ ಎಂಬುದು ಮಾತ್ರ ಗೊತ್ತಿರಲೇಬೇಕು. ಪುಣೆಯ ನಮ್ಮ ಚರ್ಚಿನಲ್ಲಿ ಕನ್ನಡ ಪೂಜೆಗೆ ಹಾಡಿಸುತ್ತಾ ಹಾಡಿಸುತ್ತಾ ನನ್ನ ತಲೆ ಬೋಳಾಯಿತು, ಕಲಿತದ್ದು ಇದೊಂದೇ ಪಾಠ. ಅಲ್ಲಿ ನುಂಗಿಕೊಂಡ ಸಿಟ್ಟನ್ನು ಮನೆಗೆ ಬಂದು ಹೆಂಡತಿಯ ಮೇಲೆ ತೀರಿಸಲು ಹೋಗಿ ಇನ್ನೊಂದು ಪಾಠವನ್ನೂ ಕಲಿತೆ, ಅದು ಇಲ್ಲಿ ಬೇಡ.

ನಮ್ಮ ಮುಖ್ಯ ಗಾಯಕಿ ಫಿಲೋಮಿನಮ್ಮ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದು, ಮದುವೆಯಾಗಿ ಪುಣೆಯ ಧನಕವಡಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಶನಿವಾರದ ಪ್ರಾಕ್ಟೀಸೇ ಅವರಿಗೆ ವಾರದ ಹಬ್ಬ. "ದನಿ ಮ್ಯಾಲೆ ಹತ್ತಲಿಲ್ಲ ಅಂದ ದಿನ ನಾ ಹಿಂದಿನ ಬೆಂಚಿಗೆ ಹೋಗಿ ಕೂಡಾಕಿ ನೋಡ್ರಿ ಮಾಸ್ತರ," ಎನ್ನುತ್ತಿದ್ದರು. ಒಂದು ಈಸ್ಟರಿಗೆ ಕಾಣಿಕೆ ಹಾಡಿನಲ್ಲಿ ಸ್ವರ ಎತ್ತರಕ್ಕೇರುವ ಮೇಲಿನ ಸಾಲಿನಲ್ಲಿ ಅವರ ದನಿ ಒಡೆಯಿತು. ಅವರು ಹಿಂದಿನ ಬೆಂಚಿಗೆ ಹೋದರೆ ನಮ್ಮಲ್ಲಿ ಉಳಿಯುವುದು ಬರೀ ಮೈಕು.

ಕೀಬೋರ್ಡಿನಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಬೆರಳು ಹಳೆಯ ಜಾಗದಲ್ಲೇ ಆಡಿದರೂ ಹಾಡು ಒಂದು ಮೆಟ್ಟಿಲು ಕೆಳಗಿನ ಶ್ರುತಿಯಲ್ಲಿ ಬರುತ್ತದೆ. ಮುಂದಿನ ಶನಿವಾರ ಯಾರಿಗೂ ಹೇಳದೆ ಒತ್ತಿದೆ. ಫಿಲೋಮಿನಮ್ಮ ಸಲೀಸಾಗಿ ಹಾಡಿದರು. ಆಮೇಲೆ ವರ್ಷಗಳುದ್ದಕ್ಕೂ, ಮೇಲಿನ ಸಾಲು ಯಾಕೋ ಕಷ್ಟವಾಗುತ್ತಿದೆ ಅನ್ನಿಸಿದಾಗಲೆಲ್ಲ ಇನ್ನೊಂದು ಮೆಟ್ಟಿಲು ಇಳಿಸಿದೆ. ವಯಸ್ಸಾದವರ ಮಾನ ಕಾಯುವ ಪುಣ್ಯಾತ್ಮ ನಾನೆಂದು ಒಳಗೊಳಗೇ ಬೀಗುತ್ತಿದ್ದೆ.

ಹೀಗಿರುವಾಗ ಪುಣೆಯ ಇನ್ನೊಂದು ತುದಿಯ ವಾಕಡದಿಂದ ಪ್ರವೀಣ ಬಂದ. ಮೈಸೂರಿನವನು, ಐಟಿ ಕಂಪನಿಯಲ್ಲಿ ಕೆಲಸ, ಹೆಗಲಿಗೆ ಗಿಟಾರು. ಮೊದಲ ಹಾಡಿಗೇ ನಿಲ್ಲಿಸಿದ. "ಸರ್, ಏನೋ ಮ್ಯಾಚ್ ಆಗ್ತಿಲ್ಲ. ನಿಮ್ಮ ಕೀಬೋರ್ಡ್ ತುಂಬಾ ಕೆಳಗೆ ಸೆಟ್ ಆಗಿದೆ." ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಮಹಾರಾಯ ಕೈಚಾಚಿ ಸರಿಮಾಡಿಯೇಬಿಟ್ಟ. ಬಾಗಿಲಲ್ಲಿ ಮರಾಠಿ ಗಾಯನವೃಂದದವರು ತಮ್ಮ ಸರದಿಗೆ ಕಾಯುತ್ತಾ ನಿಂತಿದ್ದರು. ಅಷ್ಟು ಜನರೆದುರು ಫಿಲೋಮಿನಮ್ಮನ ದನಿ ಒಡೆದರೆ ಮುಂದಿನ ಶನಿವಾರ ಅವರು ಬರುವುದಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

"ಹೂಂ, ನುಡಸ್ರಿ," ಎಂದರು ಫಿಲೋಮಿನಮ್ಮ. ನುಡಿಸುತ್ತಾ ಎಂದಿನಂತೆ ಜೊತೆಗೆ ನಾನೂ ಹಾಡಿದೆ. ಮೇಲಿನ ಸಾಲು ಬಂತು. ಫಿಲೋಮಿನಮ್ಮ ಸ್ವಲ್ಪ ನಡುಗಿದರೂ ಹತ್ತಿ ನಿಂತರು. ಆದರೂ ಒಂದು ದನಿ ಒಡೆದದ್ದು ಎಲ್ಲರಿಗೂ ಕೇಳಿಸಿತು. ಅದು ನನ್ನದು.

ಯಾರೂ ನಗಲಿಲ್ಲ, ಎಲ್ಲರೂ ನೆಲ ನೋಡಿದರು. ಫಿಲೋಮಿನಮ್ಮನೇ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆ ಈಸ್ಟರಿಗೆ ನನಗ ನೆಗಡಿ ಆಗಿತ್ತು ರೀ. ಆಮ್ಯಾಲೆ ನೀವ ಶ್ರುತಿ ಇಳಸ್ಕೋತ ಹೋದ್ರಿ. ಮಾಸ್ತರ ದನಿ ಹತ್ತವಲ್ದು, ಪಾಪ, ಯಾರೂ ಏನೂ ಅನಬ್ಯಾಡ್ರಿ ಅಂತ ನಾನ ಎಲ್ಲಾರಿಗೂ ಹೇಳಿದ್ದೆ."

ಈಗ ಶ್ರುತಿಯ ಉಸ್ತುವಾರಿ ಪ್ರವೀಣನದು. ಮೇಲಿನ ಸಾಲು ಬಂದಾಗ ನಾನು ತಲೆ ತಗ್ಗಿಸಿ ತುಟಿಯನ್ನಷ್ಟೇ ಆಡಿಸುತ್ತೇನೆ. ಮೊನ್ನೆ ಪೂಜೆ ಮುಗಿದ ಮೇಲೆ ಫಿಲೋಮಿನಮ್ಮ ಮನಸಾರೆ ಮೆಚ್ಚಿಕೊಂಡರು: "ಈಗ ಭಾಳ ಚಲೋ ಹಾಡ್ಲಿಕ್ಹತ್ತೀರಿ ನೋಡ್ರಿ ಮಾಸ್ತರ."